ಡೈಲಿ ಫ್ಯಾಂಟಸಿ ರಗ್ಬಿ: ಪದೇ ಪದೇ ಕೇಳುವ ಪ್ರಶ್ನೆಗಳು

ಕ್ರಿಕೆಟ್ ಫ್ಯಾಂಟಸಿಯಲ್ಲಿ, ಕಬಡ್ಡಿ ಫ್ಯಾಂಟಸಿಯಲ್ಲಿ ಕೈ ಪಳಗಿದವರೂ ರಗ್ಬಿಗೆ ಬಂದಾಗ ಮೊದಲ ಕೆಲವು ವಾರ ತಡಕಾಡುತ್ತಾರೆ. ನಾನೂ ತಡಕಾಡಿದ್ದೆ. ಕೆಲಸದ ಮೇಲೆ ಎರಡು ವರ್ಷ ಡಬ್ಲಿನ್‌ನಲ್ಲಿ ಇದ್ದಾಗ ಆಫೀಸಿನವರ ಉಚಿತ ಲೀಗ್‌ಗೆ ಸೇರಿಕೊಂಡೆ. ಬೆಂಗಳೂರಿಗೆ ವಾಪಸ್ ಬಂದ ಮೇಲೂ ಆ ಹುಚ್ಚು ಬಿಟ್ಟಿಲ್ಲ. ಇಲ್ಲಿಯ ಗೆಳೆಯರು, ಹೊರದೇಶದಲ್ಲಿರುವ ನಮ್ಮವರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳಿಗೆ ನನಗೆ ಗೊತ್ತಿರುವ ಮಟ್ಟಿಗೆ ಇಲ್ಲಿ ಉತ್ತರ ಬರೆದಿದ್ದೇನೆ.

ಡೈಲಿ ಫ್ಯಾಂಟಸಿ ಅಂದರೆ ಏನು? ಸೀಸನ್ ಪೂರ್ತಿ ಆಡುವ ಫ್ಯಾಂಟಸಿಗಿಂತ ಹೇಗೆ ಬೇರೆ?

ಸೀಸನ್ ಫ್ಯಾಂಟಸಿಯಲ್ಲಿ ಒಮ್ಮೆ ತಂಡ ಕಟ್ಟಿದರೆ ಅದನ್ನೇ ತಿಂಗಳುಗಟ್ಟಲೆ ಸಾಕಬೇಕು. ಡೈಲಿಯಲ್ಲಿ ಹಾಗಿಲ್ಲ. ಒಂದು ದಿನದ ಪಂದ್ಯಗಳಿಗೆ, ಅಥವಾ ಒಂದು ವಾರಾಂತ್ಯದ ಸುತ್ತಿಗೆ ಮಾತ್ರ ತಂಡ. ಪಂದ್ಯ ಮುಗಿದ ರಾತ್ರಿಯೇ ಫಲಿತಾಂಶ. ಮುಂದಿನ ಸಲ ಮತ್ತೆ ಮೊದಲಿನಿಂದ ಶುರು.

ಎಲ್ಲರಿಗೂ ಒಂದೇ ಬಜೆಟ್ ಇರುತ್ತದೆ. ಪ್ರತಿ ಆಟಗಾರನಿಗೂ ಒಂದು ಬೆಲೆ. ಆ ಬಜೆಟ್‌ನೊಳಗೆ ತಂಡ ಕಟ್ಟಬೇಕು. ಮೈದಾನದಲ್ಲಿ ಆ ಆಟಗಾರರು ನಿಜವಾಗಿ ಏನು ಮಾಡುತ್ತಾರೋ ಅದರ ಮೇಲೆ ನಿಮಗೆ ಪಾಯಿಂಟ್. ಕೆಲವು ಆಟಗಳಲ್ಲಿ ಪೂರ್ತಿ 15 ಮಂದಿಯನ್ನು ಆರಿಸಬೇಕು, ಕೆಲವದರಲ್ಲಿ ಕಡಿಮೆ ಜನ ಸಾಕು. ಹಾಗಾಗಿ ಮೊದಲು ನಿಯಮದ ಪುಟ ಓದಿ. ಬಹಳ ಜನ ಓದುವುದೇ ಇಲ್ಲ.

ಭಾರತದಲ್ಲಿ ದುಡ್ಡು ಕಟ್ಟಿ ಆಡಬಹುದಾ?

ಇಲ್ಲ. 2025ರ ಆಗಸ್ಟ್‌ನಲ್ಲಿ ಸಂಸತ್ತು ಆನ್‌ಲೈನ್ ಗೇಮಿಂಗ್ ಕಾಯ್ದೆಯನ್ನು ಪಾಸು ಮಾಡಿತು. 22ನೇ ತಾರೀಕು ರಾಷ್ಟ್ರಪತಿಗಳ ಅಂಕಿತ ಬಿತ್ತು. ದುಡ್ಡು ಕಟ್ಟಿ ದುಡ್ಡು ಗೆಲ್ಲುವ ಆನ್‌ಲೈನ್ ಆಟಗಳನ್ನು ನಡೆಸುವುದು ಈ ಕಾಯ್ದೆ ಪ್ರಕಾರ ಅಪರಾಧ. ಅದು ಜಾಣ್ಮೆಯ ಆಟವೋ ಅದೃಷ್ಟದ ಆಟವೋ ಎಂಬ ಹಳೇ ವಾದಕ್ಕೆ ಇಲ್ಲಿ ಜಾಗವಿಲ್ಲ, ಎರಡೂ ಸೇರಿವೆ. ನಡೆಸುವವರಿಗೆ 3 ವರ್ಷದವರೆಗೆ ಜೈಲು, 1 ಕೋಟಿ ರೂಪಾಯಿವರೆಗೆ ದಂಡ. ಕಾಯ್ದೆ ಬಂದ ಕೂಡಲೇ ದೊಡ್ಡ ಫ್ಯಾಂಟಸಿ ಆ್ಯಪ್‌ಗಳು ದುಡ್ಡಿನ ಸ್ಪರ್ಧೆಗಳನ್ನು ನಿಲ್ಲಿಸಿದವು. ಕರ್ನಾಟಕದವರಿಗೆ ಈ ಗೊಂದಲ ಹೊಸದೂ ಅಲ್ಲ. 2021ರಲ್ಲಿ ರಾಜ್ಯ ಸರ್ಕಾರ ಇಂಥದ್ದೇ ನಿಷೇಧ ತಂದಿತ್ತು, 2022ರ ಫೆಬ್ರವರಿಯಲ್ಲಿ ಹೈಕೋರ್ಟ್ ಅದನ್ನು ರದ್ದು ಮಾಡಿತ್ತು.

ಉಚಿತ ಆಟಕ್ಕೆ ತೊಂದರೆ ಇಲ್ಲ. ಯುರೋಪಿನ ಆರು ದೇಶಗಳ ರಗ್ಬಿ ಟೂರ್ನಿಯಾದ ಸಿಕ್ಸ್ ನೇಷನ್ಸ್‌ನವರೇ ನಡೆಸುವ ಉಚಿತ ಫ್ಯಾಂಟಸಿ ಇದೆ. ಗೆಳೆಯರೆಲ್ಲ ಸೇರಿ ಅದರಲ್ಲೇ ಒಂದು ಲೀಗ್ ಮಾಡಿಕೊಳ್ಳಬಹುದು. ನಮ್ಮ ಗುಂಪಿನಲ್ಲಿ ಪಣ ಅಂತ ಏನೂ ಇಲ್ಲ. ಪಟ್ಟಿಯಲ್ಲಿ ಮೇಲಿದ್ದವನ ಹೆಸರು ಮುಂದಿನ ಸುತ್ತಿನವರೆಗೆ ಗುಂಪಿನ ಹೆಸರಾಗುತ್ತದೆ, ಅಷ್ಟೇ. ಅಷ್ಟಕ್ಕೇ ಎಷ್ಟು ಪೈಪೋಟಿ ಅಂತೀರಿ!

ಬ್ರಿಟನ್, ಐರ್ಲೆಂಡ್, ಆಸ್ಟ್ರೇಲಿಯಾದಲ್ಲಿರುವವರಿಗೆ ಅಲ್ಲಿಯ ಕಾನೂನು ಅನ್ವಯಿಸುತ್ತದೆ. ದುಡ್ಡಿನ ಸ್ಪರ್ಧೆಗೆ 18 ತುಂಬಿರಬೇಕು, ನಡೆಸುವವರಿಗೆ ಲೈಸೆನ್ಸ್ ಇದೆಯೇ ಎಂದು ನೋಡಿಕೊಳ್ಳಬೇಕು. ಅಮೆರಿಕದಲ್ಲಿ ರಾಜ್ಯಕ್ಕೊಂದು ನಿಯಮ. ಇಲ್ಲಿಂದ ವಿಪಿಎನ್ ಹಾಕಿಕೊಂಡು ಆಡಬಹುದಾ ಎಂದು ಕೆಲವರು ಕೇಳುತ್ತಾರೆ. ದಯವಿಟ್ಟು ಬೇಡ. ನನ್ನ ಜೊತೆ ಓದಿದವನೊಬ್ಬ ಹೀಗೇ ಯಾವುದೋ ಹೊರದೇಶದ ಸೈಟಿಗೆ ದುಡ್ಡು ಹಾಕುತ್ತಾ ಹೋದ. ಮೊದಲು ಸಂಬಳ ಹೋಯಿತು. ಆಮೇಲೆ ತಂಗಿಯ ಮದುವೆಗೆ ಅಂತ ಕೂಡಿಟ್ಟಿದ್ದೂ ಹೋಯಿತು. ಅವರ ಮನೆಯಲ್ಲಿ ಆ ದಿನ ಅವನ ಅಪ್ಪ ಗೋಡೆಗೆ ಒರಗಿ ಸುಮ್ಮನೆ ಕೂತಿದ್ದು ನನ್ನ ಕಣ್ಣಿಗೆ ಕಟ್ಟಿದ ಹಾಗಿದೆ. ಈ ಪುಟದಲ್ಲಿ ಬರೆದಿರುವುದೆಲ್ಲ ಉಚಿತವಾಗಿ ಆಡುವವರಿಗಾಗಿಯೇ.

ರಗ್ಬಿ ನನಗೆ ಗೊತ್ತೇ ಇಲ್ಲ. ಎಷ್ಟು ಕಲಿತರೆ ಸಾಕು?

ಒಂದು ಸಂಜೆ ಸಾಕು. ಪಂದ್ಯ 80 ನಿಮಿಷ. ಒಂದು ಕಡೆ 15 ಮಂದಿ, ಬೆಂಚ್ ಮೇಲೆ 8 ಮಂದಿ. ಎದುರಾಳಿಯ ಗೆರೆ ದಾಟಿ ಚೆಂಡನ್ನು ನೆಲಕ್ಕೆ ಒತ್ತಿದರೆ ಟ್ರೈ, 5 ಅಂಕ. ಟ್ರೈ ಆದ ಮೇಲೆ ಕಂಬಗಳ ನಡುವೆ ಒದ್ದರೆ ಇನ್ನೂ 2, ಇದಕ್ಕೆ ಕನ್ವರ್ಷನ್ ಎನ್ನುತ್ತಾರೆ. ಎದುರಾಳಿ ತಪ್ಪು ಮಾಡಿದಾಗ ಸಿಗುವ ಪೆನಾಲ್ಟಿ ಕಿಕ್‌ಗೆ 3, ಆಟದ ನಡುವೆ ಒದೆಯುವ ಡ್ರಾಪ್ ಗೋಲ್‌ಗೆ 3. ಚೆಂಡನ್ನು ಕೈಯಲ್ಲಿ ಮುಂದಕ್ಕೆ ಎಸೆಯುವ ಹಾಗಿಲ್ಲ, ಹಿಂದಕ್ಕೋ ಪಕ್ಕಕ್ಕೋ ಎಸೆಯಬೇಕು.

ಅಂಗಿಯ ನಂಬರ್ ಕಲಿತರೆ ಮುಕ್ಕಾಲು ಕೆಲಸ ಆದಂತೆ. ಕ್ರಿಕೆಟ್‌ನ ಹಾಗೆ ಇಷ್ಟಬಂದ ನಂಬರ್ ಅಲ್ಲ, ನಂಬರ್ ಅಂದರೇ ಜಾಗ. 1 ಮತ್ತು 3 ಪ್ರಾಪ್, 2 ಹುಕರ್. 4, 5 ಲಾಕ್. 6, 7 ಫ್ಲ್ಯಾಂಕರ್, ಅವರ ಜೊತೆಗೆ ನಂಬರ್ 8. ಈ ಎಂಟು ಮಂದಿ ಫಾರ್ವರ್ಡ್‌ಗಳು. ತಳ್ಳುವುದು, ಕೆಡವುವುದು, ಚೆಂಡು ಕಸಿಯುವುದು ಇವರ ಕೆಲಸ. 9 ಸ್ಕ್ರಮ್ ಹಾಫ್, 10 ಫ್ಲೈ ಹಾಫ್. 12, 13 ಸೆಂಟರ್. 11, 14 ವಿಂಗ್. 15 ಫುಲ್‌ಬ್ಯಾಕ್. ಇವರೆಲ್ಲ ಬ್ಯಾಕ್‌ಗಳು. ಓಡುವುದು, ಒದೆಯುವುದು ಜಾಸ್ತಿ ಇವರದು.

ಫ್ಯಾಂಟಸಿ ಪಾಯಿಂಟ್ ಹೇಗೆ ಬರುತ್ತದೆ?

ಒಂದೊಂದು ಆಟದಲ್ಲಿ ಒಂದೊಂದು ಲೆಕ್ಕ. ಆದರೆ ಬೇರು ಒಂದೇ. ಟ್ರೈ, ಕಿಕ್, ಟ್ರೈಗೆ ಕೊಟ್ಟ ಪಾಸ್, ಚೆಂಡು ಹಿಡಿದು ಓಡಿದ ಮೀಟರ್, ಎದುರಾಳಿಗಳಿಂದ ತಪ್ಪಿಸಿಕೊಂಡದ್ದು, ಟ್ಯಾಕಲ್ (ಚೆಂಡು ಹಿಡಿದವನನ್ನು ಕೆಡವುವುದು), ಕಸಿದ ಚೆಂಡು, ಇವಕ್ಕೆಲ್ಲ ಪಾಯಿಂಟ್ ಸಿಗುತ್ತದೆ. ಪೆನಾಲ್ಟಿ ಬಿಟ್ಟುಕೊಟ್ಟರೆ, ಹಳದಿ ಅಥವಾ ಕೆಂಪು ಕಾರ್ಡ್ ತಿಂದರೆ ಕಳೆಯುತ್ತಾರೆ. ಕೆಲವು ಆಟಗಳಲ್ಲಿ ಫಾರ್ವರ್ಡ್ ಹೊಡೆದ ಟ್ರೈಗೆ ಬ್ಯಾಕ್ ಹೊಡೆದ ಟ್ರೈಗಿಂತ ಹೆಚ್ಚು.

ಇದನ್ನು ಒಂದು ಪಂದ್ಯದಲ್ಲಿ ಇಟ್ಟು ನೋಡೋಣ. 2023ರ ಅಕ್ಟೋಬರ್ 28, ಪ್ಯಾರಿಸ್ ಹತ್ತಿರದ ಸ್ಟಾಡ್ ದ ಫ್ರಾನ್ಸ್, ವಿಶ್ವಕಪ್ ಫೈನಲ್. ದಕ್ಷಿಣ ಆಫ್ರಿಕಾ 12, ನ್ಯೂಜಿಲೆಂಡ್ 11. ಗೆದ್ದವರ ಅಷ್ಟೂ ಅಂಕ ಒಬ್ಬನೇ ಒದ್ದದ್ದು. ಹ್ಯಾಂಡ್ರೆ ಪೊಲಾರ್ಡ್, ನಾಲ್ಕು ಪೆನಾಲ್ಟಿ. ಪಂದ್ಯದಲ್ಲಿ ಬಿದ್ದ ಒಂದೇ ಒಂದು ಟ್ರೈ ನ್ಯೂಜಿಲೆಂಡಿನ ಬೋಡನ್ ಬ್ಯಾರೆಟ್‌ದು. ಇನ್ನು ಪೀಟರ್-ಸ್ಟೆಫ್ ಡು ಟೋಯ್ ಎಂಬ ಫ್ಲ್ಯಾಂಕರ್ ಸ್ಕೋರ್‌ಬೋರ್ಡ್‌ಗೆ ಒಂದು ಅಂಕವನ್ನೂ ಸೇರಿಸಲಿಲ್ಲ. ಆದರೆ ಅವನು ಮಾಡಿದ ಟ್ಯಾಕಲ್ 28.

ಲೆಕ್ಕಕ್ಕೆಂದು ಒಂದು ಮಾದರಿ ಇಟ್ಟುಕೊಳ್ಳಿ. ಟ್ರೈಗೆ 10, ಪೆನಾಲ್ಟಿಗೆ 3, ಟ್ಯಾಕಲ್‌ಗೆ 1. ಬ್ಯಾರೆಟ್‌ಗೆ ಟ್ರೈಯಿಂದ 10. ದೇಶಕ್ಕೆ ವಿಶ್ವಕಪ್ ಒದ್ದುಕೊಟ್ಟ ಪೊಲಾರ್ಡ್‌ಗೆ ಕಿಕ್‌ಗಳಿಂದ 12. ಡು ಟೋಯ್‌ಗೆ ಟ್ಯಾಕಲ್‌ಗಳಿಂದಲೇ 28! ಈ ಮೂರು ಅಂಕಿಯನ್ನು ಮನಸ್ಸಿನಲ್ಲಿಟ್ಟುಕೊಳ್ಳಿ. ಟಿವಿಯ ಹೈಲೈಟ್ಸ್‌ನಲ್ಲಿ ಕಾಣುವವನೇ ಬೇರೆ, ಫ್ಯಾಂಟಸಿಯಲ್ಲಿ ದುಡಿಯುವವನೇ ಬೇರೆ.

ಹಾಗಾದರೆ ಯಾರನ್ನು ಮೊದಲು ಆರಿಸಬೇಕು?

ನಾನು ಮೊದಲು ಆರಿಸುವುದು ಫ್ಲ್ಯಾಂಕರ್‌ಗಳನ್ನು. ಟ್ರೈ ಬರಬಹುದು, ಬರದೇ ಇರಬಹುದು. ಟ್ಯಾಕಲ್ ಬಂದೇ ಬರುತ್ತದೆ. ಅದರಲ್ಲೂ ಸೋಲುವ ಸಂಭವ ಇರುವ ತಂಡದ ಒಳ್ಳೆಯ ಫ್ಲ್ಯಾಂಕರ್ ಚಿನ್ನ. ಚೆಂಡು ಎದುರಾಳಿಯ ಕೈಯಲ್ಲೇ ಇದ್ದರೆ ಇವನು 80 ನಿಮಿಷ ಕೆಡವುತ್ತಲೇ ಇರಬೇಕಲ್ವಾ? ಬೆಲೆ ಕೂಡ ಕಡಿಮೆ ಇರುತ್ತದೆ, ಸೋಲುವ ತಂಡ ನೋಡಿ ಜನ ದೂರ ಹೋಗುತ್ತಾರೆ. ಕಬಡ್ಡಿ ಫ್ಯಾಂಟಸಿ ಆಡಿದವರಿಗೆ ಇದು ಬೇಗ ಹೊಳೆಯುತ್ತದೆ. ಎಲ್ಲರೂ ರೈಡರ್ ಹಿಂದೆ ಓಡುವಾಗ ಒಳ್ಳೆ ಕಾರ್ನರ್ ಡಿಫೆಂಡರ್ ಅಗ್ಗಕ್ಕೆ ಸಿಗುತ್ತಾನೆ.

ಎರಡನೆಯದು ಹುಕರ್. ಇದು ಹೊಸಬರಿಗೆ ಅರ್ಥವಾಗುವುದು ಕಷ್ಟ, ಹಾಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ. ತಂಡಕ್ಕೆ ಪೆನಾಲ್ಟಿ ಸಿಕ್ಕಾಗ ಕಂಬಕ್ಕೆ ಒದೆಯುವ ಬದಲು ಚೆಂಡನ್ನು ಎದುರಾಳಿಯ ಮೂಲೆಯ ಹತ್ತಿರ ಹೊರಗೆ ಒದೆಯುತ್ತಾರೆ. ಅಲ್ಲಿ ಲೈನ್‌ಔಟ್. ಚೆಂಡು ಒಳಗೆ ಎಸೆಯುವವನು ಹುಕರ್. ಲಾಕ್ ಒಬ್ಬನನ್ನು ಗೆಳೆಯರು ಮೇಲಕ್ಕೆ ಎತ್ತುತ್ತಾರೆ, ಅವನು ಚೆಂಡು ಹಿಡಿದು ಇಳಿಯುತ್ತಾನೆ, ಎಲ್ಲ ಫಾರ್ವರ್ಡ್‌ಗಳೂ ಅವನ ಸುತ್ತ ಅಂಟಿಕೊಂಡು ಒಂದೇ ಗುಂಪಾಗಿ ತಳ್ಳುತ್ತಾರೆ. ಇದಕ್ಕೆ ಮಾಲ್ ಎನ್ನುತ್ತಾರೆ. ಚೆಂಡು ಎಸೆದ ಹುಕರ್ ಸುತ್ತಿ ಬಂದು ಆ ಗುಂಪಿನ ಬಾಲದಲ್ಲಿ ಸೇರಿಕೊಳ್ಳುತ್ತಾನೆ. ಚೆಂಡು ಕೈಯಿಂದ ಕೈಗೆ ದಾಟಿ ಹಿಂದೆ ಅವನ ಹತ್ತಿರ ಬರುತ್ತದೆ. ಗುಂಪು ಗೆರೆ ದಾಟಿತೋ, ಅವನು ಚೆಂಡಿನ ಮೇಲೆ ಬೀಳುತ್ತಾನೆ. ಟ್ರೈ ಅವನ ಹೆಸರಿಗೆ. ಐರ್ಲೆಂಡಿನ ಡ್ಯಾನ್ ಶೀಹನ್ 2025ರ ಮಾರ್ಚ್‌ನಲ್ಲಿ ರೋಮ್‌ನಲ್ಲಿ ಇಟಲಿ ವಿರುದ್ಧ ಮೂರು ಟ್ರೈ ಹೊಡೆದ. ಐರ್ಲೆಂಡ್ ಆ ಪಂದ್ಯ ಗೆದ್ದದ್ದು ಬರೀ 22-17ರಿಂದ. ಮಾಲ್ ಚೆನ್ನಾಗಿ ತಳ್ಳುವ ತಂಡದ ಹುಕರ್ ಸಿಕ್ಕರೆ ಬಿಡಬೇಡಿ.

ವಿಂಗ್‌ಗಳು ದುಬಾರಿ, ಆದರೆ ಕೈಹಿಡಿದ ದಿನ ಹಬ್ಬ. ಫ್ರಾನ್ಸಿನ ಲೂಯಿ ಬಿಯೆಲ್-ಬಿಯಾರೆ 2025ರ ಸಿಕ್ಸ್ ನೇಷನ್ಸ್‌ನಲ್ಲಿ 8 ಟ್ರೈ ಹೊಡೆದು ನೂರು ವರ್ಷ ಹಳೆಯ ದಾಖಲೆಯನ್ನು ಸರಿಗಟ್ಟಿದ. ದುರ್ಬಲ ತಂಡದ ವಿರುದ್ಧ ಆಡುವ ಬಲಿಷ್ಠ ತಂಡದ ವಿಂಗ್ ಒಬ್ಬನಿಗೆ ದೊಡ್ಡ ಬೆಲೆ ಕೊಡಿ. ಇಬ್ಬರಿಗೆ ಕೊಡುವ ಮೊದಲು ಯೋಚನೆ ಮಾಡಿ.

ಪ್ರಾಪ್‌ಗಳಿಗೆ ಸಾಮಾನ್ಯವಾಗಿ ಅತಿ ಕಡಿಮೆ ಬೆಲೆಯವರನ್ನು ಹಾಕಿ ಮುಂದೆ ಹೋಗಿ.

ಕಿಕ್ಕರ್ ಯಾವಾಗಲೂ 10ನೇ ನಂಬರಿನವನೇ ಅಲ್ವಾ?

ಬಹಳ ಸಲ ಹೌದು, ಯಾವಾಗಲೂ ಅಲ್ಲ. ಫ್ರಾನ್ಸ್‌ಗೆ ಕಂಬಕ್ಕೆ ಒದೆಯುವವನು ತೋಮಾ ರಾಮೋಸ್, ಅವನು ಹೆಚ್ಚಾಗಿ ಆಡುವುದು 15ನೇ ನಂಬರಿನಲ್ಲಿ. 2025ರಲ್ಲಿ ಅವನು ಫ್ರಾನ್ಸ್ ಪರ ಅತಿ ಹೆಚ್ಚು ಅಂಕ ಗಳಿಸಿದವನಾದ. ಫುಲ್‌ಬ್ಯಾಕ್ ಜಾಗದಲ್ಲಿ ಕಿಕ್ಕರ್ ಸಿಕ್ಕರೆ ಓಟದ ಮೀಟರೂ ನಿಮಗೆ, ಕಿಕ್ಕೂ ನಿಮಗೆ. ಹಾಗಾಗಿ ನಂಬರ್ ನೋಡಿ ಊಹಿಸಬೇಡಿ, ಕಳೆದ ಪಂದ್ಯದಲ್ಲಿ ಕಂಬಕ್ಕೆ ಒದ್ದವರು ಯಾರು ಅಂತ ನೋಡಿ.

ಕಿಕ್ಕರ್ ಅಂದರೆ ಖಾತರಿ ಆದಾಯ ಎಂಬ ಮಾತಿದೆ. ಅದನ್ನು ಪೂರ್ತಿ ನಂಬಬೇಡಿ. 2025ರ ಫೆಬ್ರವರಿ 22ರಂದು ಲಂಡನ್ನಿನ ಟ್ವಿಕೆನ್‌ಹ್ಯಾಮ್‌ನಲ್ಲಿ ಇಂಗ್ಲೆಂಡ್-ಸ್ಕಾಟ್ಲೆಂಡ್ ಪಂದ್ಯ. ಸ್ಕಾಟ್ಲೆಂಡ್ ಮೂರು ಟ್ರೈ ಹೊಡೆಯಿತು, ಇಂಗ್ಲೆಂಡ್ ಒಂದೇ. ಸ್ಕಾಟ್ಲೆಂಡಿನ ಫಿನ್ ರಸೆಲ್ ಮೂರೂ ಕನ್ವರ್ಷನ್ ತಪ್ಪಿಸಿದ. ಕೊನೆಯದು ಪಂದ್ಯ ಮುಗಿಯುವ ಗಳಿಗೆಯಲ್ಲಿ. ಇಂಗ್ಲೆಂಡ್ 16-15ರಿಂದ ಗೆದ್ದಿತು. ಟ್ರೈಗಳೆಲ್ಲ ಬದಿಯ ಗೆರೆಯ ಹತ್ತಿರ ಬಿದ್ದರೆ ಎಂಥ ಕಿಕ್ಕರಿಗೂ ಕಷ್ಟ.

ಈ ಎರಡು ತಂಡಗಳು ಸೆಣಸುವ ಕಪ್ಪಿನ ಹೆಸರು ಕಲ್ಕತ್ತಾ ಕಪ್. ಕಲ್ಕತ್ತಾದ ಒಂದು ರಗ್ಬಿ ಕ್ಲಬ್ ಮುಚ್ಚಿದಾಗ ಬ್ಯಾಂಕಿನಲ್ಲಿದ್ದ ಬೆಳ್ಳಿ ರೂಪಾಯಿಗಳನ್ನು ಕರಗಿಸಿ ಮಾಡಿಸಿದ ಕಪ್ಪು ಅದು. ಹಿಡಿಗಳು ನಾಗರಹಾವು, ಮುಚ್ಚಳದ ಮೇಲೆ ಆನೆ. 1879ರಿಂದ ಅದಕ್ಕಾಗಿ ಆಡುತ್ತಿದ್ದಾರೆ. ಫ್ಯಾಂಟಸಿಗೂ ಇದಕ್ಕೂ ಸಂಬಂಧ ಇಲ್ಲ, ಆದರೂ ಪ್ರತಿ ವರ್ಷ ಆ ಕಪ್ಪು ಟಿವಿಯಲ್ಲಿ ಕಂಡಾಗ ನನಗೆ ಖುಷಿಯಾಗುತ್ತದೆ.

ಇನ್ನೊಂದು ಸೂಕ್ಷ್ಮ ಇದೆ. ನಾಲ್ಕು ಟ್ರೈ ಹೊಡೆದ ತಂಡಕ್ಕೆ ಸಿಕ್ಸ್ ನೇಷನ್ಸ್‌ನಲ್ಲಿ ಬೋನಸ್ ಪಾಯಿಂಟ್ ಸಿಗುತ್ತದೆ. ಹಾಗಾಗಿ ಸುಲಭವಾಗಿ ಗೆಲ್ಲುತ್ತಿರುವ ತಂಡ ಪೆನಾಲ್ಟಿ ಸಿಕ್ಕರೂ 3 ಅಂಕ ತೆಗೆದುಕೊಳ್ಳುವುದಿಲ್ಲ, ಮೂಲೆಗೆ ಒದ್ದು ಟ್ರೈಗೆ ಹೋಗುತ್ತದೆ. ಅಲ್ಲಿ ಲಾಭ ಹುಕರ್‌ಗೆ. ಬಿಗಿ ಪಂದ್ಯದಲ್ಲಿ ಒಂದೊಂದು ಪೆನಾಲ್ಟಿಯನ್ನೂ ಕಂಬಕ್ಕೆ ಒದೆಯುತ್ತಾರೆ. ಅಲ್ಲಿ ಲಾಭ ಕಿಕ್ಕರ್‌ಗೆ. ನಾನು ಕಿಕ್ಕರನ್ನು ಬಿಗಿ ಪಂದ್ಯದಿಂದ ಆರಿಸುತ್ತೇನೆ.

ತಂಡದ ಪಟ್ಟಿ ಯಾವಾಗ ಬರುತ್ತದೆ? ಅದನ್ನು ಹೇಗೆ ಓದಬೇಕು?

ನನ್ನನ್ನು ಕೇಳಿದರೆ ಇಡೀ ಆಟ ಇರುವುದೇ ಇಲ್ಲಿ. ಕ್ರಿಕೆಟ್‌ನಲ್ಲಿ ಆಡುವ ಹನ್ನೊಂದು ಮಂದಿ ಯಾರು ಎಂದು ಗೊತ್ತಾಗುವುದು ಟಾಸ್ ಹೊತ್ತಿಗೆ. ಆಮೇಲೆ ಅರ್ಧ ಗಂಟೆ ಗಡಿಬಿಡಿ. ದೊಡ್ಡ ರಗ್ಬಿ ಪಂದ್ಯಗಳಲ್ಲಿ 1ರಿಂದ 23ರವರೆಗಿನ ಪೂರ್ತಿ ಪಟ್ಟಿ ಸಾಮಾನ್ಯವಾಗಿ ಎರಡು ದಿನ ಮೊದಲೇ ಬಂದುಬಿಡುತ್ತದೆ. ಕೂತು ಓದಲು ಬೇಕಾದಷ್ಟು ಸಮಯ ಸಿಗುತ್ತದೆ.

ಎಲ್ಲರೂ ಮೊದಲ 15 ಹೆಸರು ನೋಡಿ ನಿಲ್ಲಿಸುತ್ತಾರೆ. ನೀವು ಕೆಳಗಿನ ಎಂಟು ಹೆಸರು ನೋಡಿ. ಸಾಮಾನ್ಯವಾಗಿ ಬೆಂಚ್ ಮೇಲೆ 5 ಫಾರ್ವರ್ಡ್, 3 ಬ್ಯಾಕ್. ಕೆಲವು ಕೋಚ್‌ಗಳು 6-2 ಮಾಡುತ್ತಾರೆ. ಈಗೀಗ 7-1 ಕೂಡ ಬಂದಿದೆ. ಇದರ ಅರ್ಥ ಸರಳ. ಬೆಂಚ್‌ನಲ್ಲಿ ಫಾರ್ವರ್ಡ್‌ಗಳು ಜಾಸ್ತಿ ಇದ್ದಷ್ಟೂ ಆಡುತ್ತಿರುವ ಫಾರ್ವರ್ಡ್‌ಗಳನ್ನು ಬೇಗ ಹೊರಗೆ ಕರೆಯುತ್ತಾರೆ. 80 ನಿಮಿಷ ಆಡುತ್ತಾನೆ ಅಂತ ನೀವು ಬೆಲೆ ಕೊಟ್ಟ ಲಾಕ್ 50ನೇ ನಿಮಿಷಕ್ಕೆ ಕುರ್ಚಿಯಲ್ಲಿ ಕೂತಿರುತ್ತಾನೆ. ಅದೇ ಹೊತ್ತಿಗೆ ಬ್ಯಾಕ್‌ಗಳು ಬಿದ್ದರೂ ಎದ್ದರೂ ಕೊನೆಯವರೆಗೆ ಆಡಬೇಕು, ಬದಲಿ ಇಲ್ಲವಲ್ಲ.

2025ರ ಮಾರ್ಚ್ 8ರಂದು ಡಬ್ಲಿನ್‌ನಲ್ಲಿ ಐರ್ಲೆಂಡ್-ಫ್ರಾನ್ಸ್ ಪಂದ್ಯ. ಫ್ರಾನ್ಸ್ 7-1 ಬೆಂಚ್ ಇಟ್ಟಿತ್ತು. ಬೆಂಚ್ ಮೇಲಿದ್ದ ಒಬ್ಬನೇ ಬ್ಯಾಕ್, ಸ್ಕ್ರಮ್ ಹಾಫ್ ಮ್ಯಾಕ್ಸಿಮ್ ಲುಕು. ನನ್ನ ಕ್ಯಾಪ್ಟನ್ ಆಂತ್ವಾನ್ ಡುಪಾಂ, ಜಗತ್ತಿನ ಅತ್ಯುತ್ತಮ ಸ್ಕ್ರಮ್ ಹಾಫ್. ಮೊದಲ ಅರ್ಧದಲ್ಲೇ ಅವನ ಮಂಡಿಯ ಲಿಗಮೆಂಟ್ ಹರಿಯಿತು. ಅವನು ಹೊರಗೆ ಹೋದ, ಲುಕು ಬಂದ. ಆಮೇಲೆ ಸೆಂಟರ್ ಒಬ್ಬ ತಲೆಗೆ ಪೆಟ್ಟಾಗಿ ಹೋದ. ಬೆಂಚ್‌ನಲ್ಲಿ ಬ್ಯಾಕ್‌ಗಳೇ ಇಲ್ಲ. ಆಸ್ಕರ್ ಜೆಗು ಎಂಬ ಫ್ಲ್ಯಾಂಕರ್ ಸೆಂಟರ್ ಜಾಗದಲ್ಲಿ ಆಡಿದ. ಅಷ್ಟಾದರೂ ಫ್ರಾನ್ಸ್ 42-27ರಿಂದ ಗೆದ್ದಿತು, ಬಿಯೆಲ್-ಬಿಯಾರೆ ಎರಡು ಟ್ರೈ ಹೊಡೆದ. ಡುಪಾಂ ಕಣ್ಣೀರು ಒರೆಸಿಕೊಳ್ಳುತ್ತಾ ನಡೆದು ಹೋದದ್ದು ನೋಡಿ ನನಗೆ ಫ್ಯಾಂಟಸಿ ಪಾಯಿಂಟ್ ನೆನಪಾಗಲೇ ಇಲ್ಲ. ಮರುದಿನ ಪಟ್ಟಿ ತೆರೆದು ನೋಡಿದಾಗ ಹೊಳೆದದ್ದು: ಆ ಬೆಂಚ್ ಗುರುವಾರವೇ ಕಣ್ಣೆದುರು ಇತ್ತು. ಅಗ್ಗದ ಬೆಲೆಗೆ ಲುಕುವನ್ನು ಹಾಕಿಕೊಂಡವರಿಗೆ ಅರ್ಧ ಪಂದ್ಯಕ್ಕಿಂತ ಹೆಚ್ಚು ಆಟ ಸಿಕ್ಕಿತ್ತು.

ಗಾಯವನ್ನು ಯಾರೂ ಮುಂಚೆ ಹೇಳಲಾರರು. ಆದರೆ ನಿಮಿಷಗಳನ್ನು ಅಂದಾಜು ಮಾಡಬಹುದು. ಪ್ರಾಪ್, ಹುಕರ್ ಸಾಧಾರಣವಾಗಿ 50-55ನೇ ನಿಮಿಷದ ಹೊತ್ತಿಗೆ ಬದಲಾಗುತ್ತಾರೆ. ಸ್ಕ್ರಮ್ ಹಾಫ್ 60ರ ಸುಮಾರಿಗೆ. ವಿಂಗ್, ಫುಲ್‌ಬ್ಯಾಕ್, 13ನೇ ನಂಬರ್ ಪೂರ್ತಿ ಆಡುವುದು ಹೆಚ್ಚು. ಪ್ರತಿ ಹೆಸರಿನ ಮುಂದೆ ಅವನು ಆಡಬಹುದಾದ ನಿಮಿಷ ಬರೆದು ನೋಡಿ. ಅರ್ಧ ತಂಡ ತಾನಾಗಿಯೇ ಬದಲಾಗುತ್ತದೆ.

ಬಜೆಟ್ ಹೇಗೆ ಹಂಚಬೇಕು?

100 ಕ್ರೆಡಿಟ್, 15 ಮಂದಿ ಅಂತಿಟ್ಟುಕೊಳ್ಳಿ. ತಲೆಗೆ ಸುಮಾರು 6.7. ಒಬ್ಬನಿಗೆ 14 ಕೊಟ್ಟರೆ ಉಳಿದವರಿಗೆ ತಲೆಗೆ 6.1. ಅದೇನು ದೊಡ್ಡ ನಷ್ಟ ಅಲ್ಲ. ಇಬ್ಬರಿಗೆ 14ರಂತೆ ಕೊಟ್ಟರೆ 5.5ಕ್ಕೆ ಇಳಿಯುತ್ತದೆ. ಆಗ ಹತ್ತಾರು ನಿಮಿಷ ಮಾತ್ರ ಆಡುವವರನ್ನು ತುಂಬಬೇಕಾಗುತ್ತದೆ. ಬಹಳ ತಂಡಗಳು ಮುಳುಗುವುದು ಇಲ್ಲಿ.

ಪಾಯಿಂಟನ್ನು ಬೆಲೆಯಿಂದ ಭಾಗಿಸಿ. 10 ಕ್ರೆಡಿಟ್‌ನವನು 30 ತಂದರೆ ಕ್ರೆಡಿಟ್‌ಗೆ 3. ಕಮ್ಮಿ ಬೆಲೆಯ ಫ್ಲ್ಯಾಂಕರ್ 6 ಕ್ರೆಡಿಟ್‌ಗೆ 24 ತಂದರೆ ಕ್ರೆಡಿಟ್‌ಗೆ 4. ಸಂತೆಯಲ್ಲಿ ತರಕಾರಿ ಕೊಳ್ಳುವ ಹಾಗೇ, ಕೆಜಿಗೆ ಎಷ್ಟು ಬಿತ್ತು ಅಂತ ನೋಡಬೇಕು. ಬೆಲೆ ನಿಗದಿಯಾಗುವುದು ಹಳೇ ಆಟ ನೋಡಿ. ಬೆಂಚ್‌ನಲ್ಲಿ ಕೂರುತ್ತಿದ್ದವನು ಈ ವಾರ ಗಾಯದ ಕಾರಣಕ್ಕೆ ಮೊದಲ 15ಕ್ಕೆ ಬಂದಿದ್ದರೆ, ಅವನ ಬೆಲೆ ಇನ್ನೂ ಬೆಂಚಿನ ಬೆಲೆಯೇ ಆಗಿರುತ್ತದೆ. ಅಂಥವನನ್ನು ಪ್ರತಿ ವಾರ ಹುಡುಕಿ.

ಕ್ಯಾಪ್ಟನ್ ಯಾರಾಗಬೇಕು? ಸೂಪರ್‌ಸಬ್ ಅಂದರೆ ಏನು?

ಕ್ಯಾಪ್ಟನ್‌ಗೆ ಸಾಮಾನ್ಯವಾಗಿ ಪಾಯಿಂಟ್ ದುಪ್ಪಟ್ಟು. ಅವನು ಹೆಚ್ಚು ಹೊತ್ತು ಆಡುವವನಾಗಿರಬೇಕು, ಎರಡು ಮೂರು ದಾರಿಯಿಂದ ಪಾಯಿಂಟ್ ತರುವವನಾಗಿರಬೇಕು. ಕಿಕ್ ಮಾಡುವ ಫುಲ್‌ಬ್ಯಾಕ್, ಅಥವಾ ಚೆಂಡು ಕಸಿಯುವ ಫ್ಲ್ಯಾಂಕರ್ ನನ್ನ ಆಯ್ಕೆ.

ಸೂಪರ್‌ಸಬ್ ಕೆಲವು ಆಟಗಳಲ್ಲಿ ಮಾತ್ರ ಇದೆ. ಬೆಂಚ್‌ನಿಂದ ಬರುವ ಒಬ್ಬನನ್ನು ಗುರುತಿಸಿದರೆ ಅವನ ಪಾಯಿಂಟ್ ಕೆಲವು ಪಟ್ಟು ಹೆಚ್ಚುತ್ತದೆ. ಇಲ್ಲಿ ಬೆಂಚ್‌ನ ಹುಕರ್ ಒಳ್ಳೆಯವನು. ಅವನು ಬರುವುದು ಹೆಚ್ಚುಕಡಿಮೆ ಖಚಿತ. ಎದುರಾಳಿ ಸುಸ್ತಾದ ಹೊತ್ತಿಗೆ ಮಾಲ್ ಟ್ರೈ ಕೂಡ ಬರಬಹುದು.

ಒಂದೇ ತಂಡದಿಂದ ಎಷ್ಟು ಮಂದಿ ಹಾಕಬಹುದು?

ಮಿತಿ ಆಟದಿಂದ ಆಟಕ್ಕೆ ಬೇರೆ. ಮಿತಿಯೊಳಗೆ ಜೋಡಿ ಕಟ್ಟುವುದು ಒಳ್ಳೆಯದು. ಸ್ಕ್ರಮ್ ಹಾಫ್ ಕೊಟ್ಟ ಪಾಸ್‌ನಲ್ಲಿ ವಿಂಗ್ ಟ್ರೈ ಹೊಡೆದರೆ ಇಬ್ಬರಿಗೂ ಪಾಯಿಂಟ್. ಜೊತೆಗೆ ಕಿಕ್ಕರ್ ಕೂಡ ಅದೇ ತಂಡದವನಾದರೆ ಒಂದು ಟ್ರೈಗೆ ಮೂರು ಕಡೆಯಿಂದ ಬರುತ್ತದೆ. ಆ ತಂಡ ಮಂಕಾದರೆ ಮೂವರೂ ಒಟ್ಟಿಗೆ ಮಂಕು ಎಂಬುದೂ ಗೊತ್ತಿರಲಿ. ಸಾವಿರಾರು ಜನ ಇರುವ ದೊಡ್ಡ ಸ್ಪರ್ಧೆಯಲ್ಲಿ ಇಂಥ ಜೋಡಿ ಬೇಕೇ ಬೇಕು, ಅಲ್ಲಿ ಮೇಲೇರಲು ಬೇರೆಯವರಿಗಿಂತ ಭಿನ್ನವಾಗಿರಬೇಕು. ಒಬ್ಬನ ವಿರುದ್ಧ ಒಬ್ಬ ಆಡುವಾಗ, ಅಥವಾ ಹತ್ತು ಜನರ ಲೀಗ್‌ನಲ್ಲಿ, ಹರಡಿ ಹಾಕಿ. ಟ್ಯಾಕಲ್ ಮಾಡುವವರನ್ನು ಜಾಸ್ತಿ ಇಟ್ಟುಕೊಳ್ಳಿ.

ಮಳೆ ಬಂದರೆ ತಂಡ ಬದಲಿಸಬೇಕಾ?

ಬದಲಿಸಬೇಕು. ಒದ್ದೆ ಚೆಂಡು ಕೈ ಜಾರುತ್ತದೆ. ಪಾಸ್ ಕಡಿಮೆ, ಒದೆಯುವುದು ಜಾಸ್ತಿ, ಸ್ಕ್ರಮ್ (ಎರಡೂ ಕಡೆಯ ಫಾರ್ವರ್ಡ್‌ಗಳು ಬಾಗಿ ಎದುರುಬದುರು ತಳ್ಳುವುದು) ಜಾಸ್ತಿ. ವಿಂಗ್‌ಗಳಿಗೆ ಚೆಂಡೇ ಸಿಗುವುದಿಲ್ಲ. ಎಡಿನ್‌ಬರೋ, ಡಬ್ಲಿನ್‌ನಲ್ಲಿ ಫೆಬ್ರವರಿ ಮಳೆ ಅಂದರೆ ಗಾಳಿಯೂ ಜೊತೆಗಿರುತ್ತದೆ, ಕಿಕ್ಕರಿಗೂ ಕಷ್ಟ. ಅಂಥ ದಿನ ಫಾರ್ವರ್ಡ್‌ಗಳ ಕಡೆ ಬಜೆಟ್ ವಾಲಿಸಿ. ಆದರೆ ಕಾರ್ಡಿಫ್‌ನ ಮೈದಾನಕ್ಕೆ ಮುಚ್ಚುವ ಚಾವಣಿ ಇದೆ, ನ್ಯೂಜಿಲೆಂಡಿನ ಡ್ಯುನಿಡನ್ ಮೈದಾನಕ್ಕೂ ಚಾವಣಿ ಇದೆ. ಚಾವಣಿ ಮುಚ್ಚಿದ್ದರೆ ಊರಿನ ಹವಾಮಾನ ನೋಡಿ ಅಲ್ಲಿ ಹೆದರಬೇಕಿಲ್ಲ.

ಜೊಹಾನ್ಸ್‌ಬರ್ಗ್, ಪ್ರಿಟೋರಿಯಾದಲ್ಲಿ ವಿಷಯ ಎತ್ತರದ್ದು. ಗಾಳಿ ತೆಳು, ಚೆಂಡು ದೂರ ಹೋಗುತ್ತದೆ. ಹೊರಗಿನಿಂದ ಬಂದ ತಂಡ ಕೊನೆಯ 20 ನಿಮಿಷ ಉಸಿರು ಹಿಡಿಯಲು ಒದ್ದಾಡುತ್ತದೆ. ಅಲ್ಲಿ ಊರಿನ ತಂಡದ ಬೆಂಚ್ ಆಟಗಾರರು ಬೆಲೆಬಾಳುತ್ತಾರೆ.

ಕಾರ್ಡ್ ಬಿದ್ದರೆ ಎಷ್ಟು ನಷ್ಟ?

ಹಳದಿ ಕಾರ್ಡ್ ಅಂದರೆ 10 ನಿಮಿಷ ಹೊರಗೆ, ಜೊತೆಗೆ ಪಾಯಿಂಟ್ ಕಡಿತ. ತಲೆಗೆ ತಾಗುವ ಟ್ಯಾಕಲ್ ಬಗ್ಗೆ ರೆಫರಿಗಳು ಈಗ ಬಹಳ ಕಟ್ಟುನಿಟ್ಟು. ಅದು ಸರಿಯೂ ಹೌದು, ಆಟಗಾರರ ಮಿದುಳಿನ ಪ್ರಶ್ನೆ. 2023ರ ಫೈನಲ್‌ನಲ್ಲಿ ನ್ಯೂಜಿಲೆಂಡ್ ನಾಯಕ ಸ್ಯಾಮ್ ಕೇನ್‌ಗೇ ಕೆಂಪು ಕಾರ್ಡ್ ಬಿತ್ತು. ಎತ್ತರದ, ನಿಂತೇ ಟ್ಯಾಕಲ್ ಮಾಡುವ ಆಟಗಾರರ ಹಳೆಯ ಕಾರ್ಡ್‌ಗಳನ್ನು ಒಮ್ಮೆ ನೋಡಿಕೊಳ್ಳಿ. ತಲೆಗೆ ಪೆಟ್ಟಾದ ಅನುಮಾನವಿದ್ದರೆ ಆಟಗಾರನನ್ನು 12 ನಿಮಿಷದ ಪರೀಕ್ಷೆಗೆ ಹೊರಗೆ ಕರೆದೊಯ್ಯುತ್ತಾರೆ. ಕೆಲವರು ಮರಳಿ ಬರುವುದಿಲ್ಲ.

ಯಾವ ಟೂರ್ನಿಯಿಂದ ಶುರು ಮಾಡಲಿ? ನಮ್ಮ ಸಮಯಕ್ಕೆ ಹೊಂದುತ್ತದಾ?

ಸಿಕ್ಸ್ ನೇಷನ್ಸ್‌ನಿಂದ. ಫೆಬ್ರವರಿ-ಮಾರ್ಚ್, ಆರೇ ತಂಡ, ಒಟ್ಟು 15 ಪಂದ್ಯ. ಇಂಗ್ಲೆಂಡ್, ಫ್ರಾನ್ಸ್, ಐರ್ಲೆಂಡ್, ಇಟಲಿ, ಸ್ಕಾಟ್ಲೆಂಡ್, ವೇಲ್ಸ್. ಎರಡು ಸುತ್ತು ನೋಡಿದರೆ ಮುಖಗಳೆಲ್ಲ ಪರಿಚಯ. ಶನಿವಾರದ ಮೊದಲ ಪಂದ್ಯ ಸಾಮಾನ್ಯವಾಗಿ ನಮ್ಮ ರಾತ್ರಿ ಏಳೂ ಮುಕ್ಕಾಲರ ಹೊತ್ತಿಗೆ, ಎರಡನೆಯದು ಹತ್ತೂ ಕಾಲರ ಸುಮಾರಿಗೆ. ಊಟ ಮುಗಿಸಿ ಕೂರಬಹುದು. ನ್ಯೂಜಿಲೆಂಡ್, ಆಸ್ಟ್ರೇಲಿಯಾ, ಫಿಜಿ ಕಡೆಯ ತಂಡಗಳ ಸೂಪರ್ ರಗ್ಬಿ ಪಂದ್ಯಗಳು ನಮಗೆ ಮಧ್ಯಾಹ್ನದ ಹೊತ್ತು.

ಸೆವೆನ್ಸ್‌ಗೂ ಇದೇ ಲೆಕ್ಕ ನಡೆಯುತ್ತದಾ?

ನಡೆಯುವುದಿಲ್ಲ. ಸೆವೆನ್ಸ್‌ನಲ್ಲಿ ಏಳೇ ಮಂದಿ, ಅದೇ ದೊಡ್ಡ ಮೈದಾನ, ಅರ್ಧಕ್ಕೆ 7 ನಿಮಿಷ. ಅಲ್ಲಿ ಓಟವೇ ರಾಜ, ಟ್ರೈಗಳ ಸುರಿಮಳೆ. ವೇಗದವರಿಗೆ ಬೆಲೆ ಕೊಡಿ. 2025ರ ಜೂನ್‌ನಲ್ಲಿ ಮುಂಬೈನಲ್ಲಿ ನಡೆದ ರಗ್ಬಿ ಪ್ರೀಮಿಯರ್ ಲೀಗ್ ಸೆವೆನ್ಸ್ ಮಾದರಿಯದು. ಆರು ತಂಡಗಳಲ್ಲಿ ಬೆಂಗಳೂರು ಬ್ರೇವ್‌ಹಾರ್ಟ್ಸ್ ಕೂಡ ಒಂದು. ಮನೆಯ ಮಕ್ಕಳಿಗೆ ರಗ್ಬಿ ಪರಿಚಯಿಸಬೇಕು ಅಂದರೆ ಇದರಿಂದ ಶುರು ಮಾಡಿ. ಇಷ್ಟು ಚಿಕ್ಕ ಆಟ ಅವರಿಗೂ ಬೇಸರ ಆಗುವುದಿಲ್ಲ.

ವಾರಕ್ಕೆ ಎಷ್ಟು ಹೊತ್ತು ಕೊಡಬೇಕು?

ಅರ್ಧ ಗಂಟೆ. ಪಟ್ಟಿ ಬಂದ ದಿನ ಇಪ್ಪತ್ತು ನಿಮಿಷ ಕೂತು ಬೆಂಚ್ ನೋಡುತ್ತೇನೆ, ನಿಮಿಷ ಬರೆಯುತ್ತೇನೆ, ಒಂದು ತಂಡ ಕಟ್ಟಿ ಸೇವ್ ಮಾಡುತ್ತೇನೆ. ಶನಿವಾರ ಬೆಳಿಗ್ಗೆ ಆ ಊರಿನ ಮಳೆ ಗಾಳಿ ನೋಡುತ್ತೇನೆ. ಪಂದ್ಯಕ್ಕೆ ಒಂದು ಗಂಟೆ ಮೊದಲು ಕೊನೆಯ ಸಲ ಪಟ್ಟಿ ತೆರೆಯುತ್ತೇನೆ. ವಾರ್ಮ್-ಅಪ್‌ನಲ್ಲಿ ತೊಡೆ ಹಿಡಿದುಕೊಂಡು ಯಾರಾದರೂ ಹೊರಬಿದ್ದಿರುತ್ತಾರೆ, ಅವನ ಜಾಗಕ್ಕೆ ಬೆಂಚ್‌ನವನು ಬಂದಿರುತ್ತಾನೆ. ಆ ಒಂದು ಬದಲಾವಣೆ ಮಾಡಿ ಫೋನ್ ಪಕ್ಕಕ್ಕಿಟ್ಟು ಟಿವಿ ಮುಂದೆ ಕೂರುತ್ತೇನೆ.